ಶೋಪ್ ವೈರಸ್, ಅರ್ಜಿನೇಸ್ ಕಿಣ್ವ ಮತ್ತು 1970ರ ಜೀನ್ ಚಿಕಿತ್ಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ಜೀನ್ ಕೆಟ್ಟಿರುವವರ ಮೈಗೆ ಸರಿಯಾದ ಜೀನ್ ಸೇರಿಸುವ ಜೀನ್ ಚಿಕಿತ್ಸೆ ಮನುಷ್ಯರ ಮೇಲೆ ಶುರುವಾದದ್ದು 1990ರಲ್ಲಿ ಎಂದು ಬಹಳಷ್ಟು ಪಠ್ಯಪುಸ್ತಕಗಳಲ್ಲಿದೆ. ಅದಕ್ಕೂ 20 ವರ್ಷ ಮೊದಲೇ ಜರ್ಮನಿಯ ಇಬ್ಬರು ಪುಟ್ಟ ಅಕ್ಕತಂಗಿಯರಿಗೆ, ಮೊಲಗಳಲ್ಲಿ ನರಹುಲಿ ಎಬ್ಬಿಸುವ ಒಂದು ವೈರಸ್ಸನ್ನು ಔಷಧಿಯಾಗಿ ಕೊಟ್ಟಿದ್ದರು. ನಾನು ಪದವಿ ತರಗತಿಗಳಿಗೆ ಜೀವರಸಾಯನ ಹೇಳಿಕೊಡುವವಳು. ಯೂರಿಯಾ ಚಕ್ರದ ಪಾಠದ ದಿನ ಈ ಮಕ್ಕಳ ವಿಷಯ ಹೇಳದೆ ತರಗತಿ ಮುಗಿಸಿದ್ದಿಲ್ಲ. ಹೇಳಿದ ಮೇಲೆ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳು, ಕೆಲವೊಮ್ಮೆ ಅವರ ಮನೆಯವರು ಕೇಳಿ ಕಳಿಸುವ ಪ್ರಶ್ನೆಗಳು ಇಲ್ಲಿವೆ.

ಶೋಪ್ ವೈರಸ್ ಎಂದರೆ ಯಾವುದು?

ಆಗದ ಮಾತಿಗೆ ನಮ್ಮಲ್ಲಿ ‘ಮೊಲದ ಕೊಂಬು’ ಎನ್ನುತ್ತೇವೆ. ಆದರೆ ಅಮೆರಿಕದ ಅಯೋವಾ, ಕಾನ್ಸಾಸ್ ಕಡೆಯ ಬಯಲಿನಲ್ಲಿ ಬೇಟೆಯಾಡುವವರು ಕೊಂಬಿರುವ ಕಾಡುಮೊಲಗಳನ್ನು ಕಣ್ಣಾರೆ ಕಂಡಿದ್ದರು. ಕಪ್ಪಗೆ, ಗಡುಸಾಗಿ, ಕೊಂಬಿನ ಹಾಗೆಯೇ ಚೂಪಾಗಿ ಚರ್ಮದಿಂದ ಎದ್ದ ಬೆಳವಣಿಗೆಗಳು ಅವು. ರಾಕ್‌ಫೆಲ್ಲರ್ ಸಂಸ್ಥೆಯಲ್ಲಿದ್ದ ರಿಚರ್ಡ್ ಶೋಪ್ ಸ್ವತಃ ಅಯೋವಾದವರು. ಹಂದಿಜ್ವರದ ವೈರಸ್ಸನ್ನು ಕಂಡುಹಿಡಿದವರೂ ಅವರೇ. ಅವರು ಆ ‘ಕೊಂಬು’ಗಳನ್ನು ತರಿಸಿಕೊಂಡು, ಉಪ್ಪುನೀರಿನಲ್ಲಿ ಅರೆದು, ಬ್ಯಾಕ್ಟೀರಿಯಾ ದಾಟಲಾಗದಷ್ಟು ಸಣ್ಣ ರಂಧ್ರಗಳ ಸೋಸುಕದಲ್ಲಿ ಸೋಸಿದರು. ಸೋಸಿ ಬಂದ ತಿಳಿಯನ್ನು ಬೇರೆ ಮೊಲಗಳ ಗೀರಿದ ಚರ್ಮಕ್ಕೆ ಸವರಿದರು. ಅಲ್ಲೂ ನರಹುಲಿ ಎದ್ದಿತು. ಬ್ಯಾಕ್ಟೀರಿಯಾಕ್ಕಿಂತ ಸಣ್ಣದಾದ ಏನೋ ಒಂದು ಆ ತಿಳಿಯಲ್ಲಿದೆ ಎಂದಾಯಿತು. 1933ರಲ್ಲಿ ಇದು ಪ್ರಕಟವಾಯಿತು. ಸಸ್ತನಿಗಳಲ್ಲಿ ಗಡ್ಡೆ ಎಬ್ಬಿಸುವ ವೈರಸ್‌ಗಳ ಚರಿತ್ರೆಯಲ್ಲಿ ಇದೊಂದು ದೊಡ್ಡ ಮೆಟ್ಟಿಲು.

ನರಹುಲಿ ಎಂದರೆ ಕ್ಯಾನ್ಸರ್ ಅಲ್ಲವಲ್ಲ?

ಅಲ್ಲ. ಆದರೆ ಅದೇ ವೈರಸ್ಸನ್ನು ಸಾಕುಮೊಲಗಳಿಗೆ ಹಚ್ಚಿದಾಗ ಎದ್ದ ನರಹುಲಿಗಳು ತಿಂಗಳುಗಳು ಕಳೆದ ಮೇಲೆ ಕ್ಯಾನ್ಸರ್‌ಗೆ ತಿರುಗುತ್ತಿದ್ದವು. ಇದನ್ನು 1930ರ ದಶಕದ ನಡುವಿನಲ್ಲಿ ತೋರಿಸಿದವರು ಪೇಟನ್ ರೌಸ್ ಮತ್ತು ಜೆ. ಡಬ್ಲ್ಯೂ. ಬಿಯರ್ಡ್. ಕೋಳಿಯ ಗಡ್ಡೆಯೊಂದನ್ನು ಅರೆದು ಸೋಸಿದ ತಿಳಿಯಿಂದ ಇನ್ನೊಂದು ಕೋಳಿಗೆ ಗಡ್ಡೆ ಬರಿಸಬಹುದು ಎಂದು 1911ರಲ್ಲೇ ತೋರಿಸಿದ್ದ ರೌಸ್ ಇವರು. ಆಗ ಹೆಚ್ಚಿನವರು ಅದನ್ನು ಕೋಳಿಗಳ ವಿಚಿತ್ರವೆಂದು ಬದಿಗಿಟ್ಟರು. ಆ ಕೆಲಸಕ್ಕೆ ನೊಬೆಲ್ ಬಂದದ್ದು 1966ರಲ್ಲಿ, ಅವರ 87ನೇ ವಯಸ್ಸಿನಲ್ಲಿ.

ಅರ್ಜಿನೇಸ್ ಎಂದರೇನು? ಅದಿಲ್ಲದಿದ್ದರೆ ಏನಾಗುತ್ತದೆ?

ನಾವು ತಿನ್ನುವ ಬೇಳೆ, ಹಾಲು, ಮೊಟ್ಟೆ, ಮಾಂಸದ ಪ್ರೋಟೀನ್ ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಅದು ಮಿದುಳಿಗೆ ವಿಷ. ಲಿವರ್ ಅದನ್ನು ಹಿಡಿದು, ಹಲವು ಹಂತಗಳಲ್ಲಿ ಯೂರಿಯಾ ಮಾಡಿ, ಮೂತ್ರದಲ್ಲಿ ಹೊರಹಾಕುತ್ತದೆ. ಈ ಚಕ್ರವನ್ನು 1932ರಲ್ಲಿ ಬಿಡಿಸಿ ತೋರಿಸಿದವರು ಹನ್ಸ್ ಕ್ರೆಬ್ಸ್ ಮತ್ತು ಕುರ್ಟ್ ಹೆನ್ಸೆಲೈಟ್. ಅದರ ಕೊನೆಯ ಹಂತದ ಕೆಲಸ ಅರ್ಜಿನೇಸ್ ಕಿಣ್ವದ್ದು. ಅರ್ಜಿನೈನ್ ಎಂಬ ಅಮೈನೋ ಆಮ್ಲವನ್ನು ಅದು ಎರಡಾಗಿ ಸೀಳುತ್ತದೆ. ಒಂದು ತುಂಡು ಯೂರಿಯಾ, ಇನ್ನೊಂದು ಆರ್ನಿಥೈನ್. ಆರ್ನಿಥೈನ್ ಮತ್ತೆ ಚಕ್ರದೊಳಕ್ಕೆ ಹೋಗುತ್ತದೆ.

ಈ ಕಿಣ್ವ ಎಷ್ಟು ಚುರುಕು ಎಂಬುದನ್ನು ಪುಸ್ತಕದಲ್ಲಿ ಓದುವುದಕ್ಕಿಂತ ನೋಡಬೇಕು. ನಮ್ಮ ಲ್ಯಾಬಿನಲ್ಲಿ ಮಟನ್ ಅಂಗಡಿಯಿಂದ ಬೆಳಿಗ್ಗೆಯೇ ತಂದ ಕುರಿಯ ಲಿವರ್ ತುಂಡೊಂದನ್ನು ಮಂಜುಗಡ್ಡೆಯ ಮೇಲಿಟ್ಟು ಅರೆಯುತ್ತೇವೆ. ಚೂರು ಮ್ಯಾಂಗನೀಸ್ ಸೇರಿಸುತ್ತೇವೆ, ಅದಿಲ್ಲದೆ ಅರ್ಜಿನೇಸ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಒಂದು ಟ್ಯೂಬಿಗೆ ಅರ್ಜಿನೈನ್ ಹಾಕಿ, ಇನ್ನೊಂದನ್ನು ಹಾಗೇ ಬಿಟ್ಟು, ಎರಡನ್ನೂ 37 ಡಿಗ್ರಿ ಬಿಸಿನೀರಿನಲ್ಲಿ ಇಡುತ್ತೇವೆ. ಸ್ವಲ್ಪ ಹೊತ್ತಿನ ಮೇಲೆ ಯೂರಿಯಾ ಪತ್ತೆಹಚ್ಚುವ ದ್ರಾವಣ ಹಾಕಿ ಕುದಿಸಿದರೆ ಮೊದಲ ಟ್ಯೂಬು ಗಾಢ ಗುಲಾಬಿಗೆ ತಿರುಗುತ್ತದೆ, ಎರಡನೆಯದರಲ್ಲಿ ಬಣ್ಣ ಕಂಡೂ ಕಾಣದಷ್ಟು. ಆ ಎರಡು ಟ್ಯೂಬುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಹೇಳುತ್ತೇನೆ: ಕೆಲವು ಮಕ್ಕಳು, ಅರ್ಜಿನೈನ್ ಇದ್ದೂ ಕಿಣ್ವವಿಲ್ಲದೆ, ಆ ಬಣ್ಣವಿಲ್ಲದ ಟ್ಯೂಬಿನ ಹಾಗೆ ಹುಟ್ಟುತ್ತಾರೆ.

ಆ ಮಕ್ಕಳಲ್ಲಿ ಅರ್ಜಿನೈನ್ ರಕ್ತದಲ್ಲಿ, ಬೆನ್ನುಹುರಿಯ ದ್ರವದಲ್ಲಿ ಏರುತ್ತಾ ಹೋಗುತ್ತದೆ. ಹುಟ್ಟಿದಾಗ ಚೆನ್ನಾಗಿಯೇ ಕಾಣುವ ಮಗು ವರ್ಷ, ಎರಡು ವರ್ಷ ದಾಟಿದ ಮೇಲೆ ತುದಿಗಾಲಲ್ಲಿ ನಡೆಯತೊಡಗುತ್ತದೆ. ಕಾಲು ಬಿಗಿಯುತ್ತದೆ, ಫಿಟ್ಸ್ ಬರಬಹುದು, ಕಲಿತ ಮಾತು ಹಿಂದೆ ಸರಿಯಬಹುದು. ಕಾಯಿಲೆಯ ಹೆಸರು ಅರ್ಜಿನಿನೀಮಿಯಾ.

ಮೊಲದ ನರಹುಲಿಗೂ ಈ ಕಿಣ್ವಕ್ಕೂ ಎಲ್ಲಿಯ ಸಂಬಂಧ?

ಸಂಬಂಧ ಕಂಡವರು ಸ್ಟ್ಯಾನ್‌ಫೀಲ್ಡ್ ರೋಜರ್ಸ್. ರೌಸ್ ಅವರ ಜೊತೆ ಕೆಲಸ ಮಾಡಿದವರು, ಮುಂದೆ ಟೆನೆಸ್ಸಿಯಲ್ಲಿದ್ದರು. ಮೊಲದ ಸಾಮಾನ್ಯ ಚರ್ಮದಲ್ಲಿ ಅರ್ಜಿನೇಸ್ ತೀರಾ ಕಡಿಮೆ. ಶೋಪ್ ವೈರಸ್ ಎಬ್ಬಿಸಿದ ನರಹುಲಿಯಲ್ಲಿ ಮಾತ್ರ ಅದು ಧಾರಾಳ. 1959ರಲ್ಲಿ ಅವರು ಇದನ್ನು ಪ್ರಕಟಿಸಿದರು. ವೈರಸ್ ಬಂದ ಮೇಲೆ ಕಿಣ್ವ ಬಂದಿದೆ, ಹಾಗಾದರೆ ಕಿಣ್ವದ ಜೀನ್ ವೈರಸ್ಸಿನ ಒಳಗೇ ಇರಬೇಕು ಎಂಬುದು ಅವರ ತೀರ್ಮಾನ.

ಕಾಲವನ್ನೂ ನೋಡಬೇಕು. ಜೀನ್ ಒಂದಕ್ಕೆ ಕಿಣ್ವ ಒಂದು ಎಂದು ಬೀಡಲ್ ಮತ್ತು ಟೇಟಮ್ ತೋರಿಸಿ 20 ವರ್ಷ ತುಂಬಿರಲಿಲ್ಲ, ಡಿಎನ್‌ಎ ರಚನೆ ಗೊತ್ತಾಗಿ ಆರೇ ವರ್ಷ. ಒಂದು ವೈರಸ್ಸಿನ ಡಿಎನ್‌ಎಯನ್ನು ಅಕ್ಷರಕ್ಕೆ ಅಕ್ಷರ ಓದುವ ದಾರಿ ಆಗ ಯಾರ ಬಳಿಯೂ ಇರಲಿಲ್ಲ. ಕೈಗೆ ಸಿಗುತ್ತಿದ್ದುದು ಕಿಣ್ವದ ಅಳತೆ ಮಾತ್ರ, ಅದರಿಂದ ಜೀನ್ ಎಲ್ಲಿದೆ ಎಂದು ಊಹಿಸಬೇಕಿತ್ತು.

ಪ್ರಯೋಗಾಲಯದ ಸಿಬ್ಬಂದಿಯ ರಕ್ತ ಪರೀಕ್ಷೆ ಮಾಡಿದ್ದರಂತೆ, ನಿಜವೇ?

ನಿಜ. ಶೋಪ್ ವೈರಸ್ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವರ ರಕ್ತವನ್ನು ರೋಜರ್ಸ್ ಪರೀಕ್ಷಿಸಿದರು. ಅವರಲ್ಲಿ ಹಲವರ ಅರ್ಜಿನೈನ್ ಮಟ್ಟ ಇತರರಿಗಿಂತ ಕಡಿಮೆ ಇತ್ತು, ಎಷ್ಟೋ ಹಿಂದೆ ಆ ಕೆಲಸ ಬಿಟ್ಟವರಲ್ಲೂ. ಗೀರಿನಿಂದಲೋ ಸೂಜಿಯಿಂದಲೋ ಮೈಸೇರಿದ ವೈರಸ್ ಯಾವ ತೊಂದರೆಯನ್ನೂ ಕೊಡದೆ ಒಳಗೇ ಉಳಿದು ತನ್ನ ಅರ್ಜಿನೇಸ್ ಮಾಡುತ್ತಿದೆ ಎಂದು ಅವರು 1966ರಲ್ಲಿ ಬರೆದರು. ವೈರಸ್ಸನ್ನು ಅವರು ಮನುಷ್ಯನಲ್ಲಿ ಕುಳಿತ ‘ಪ್ರಯಾಣಿಕ’ ಎಂದು ಕರೆದರು.

ನನಗೆ ಈ ಘಟ್ಟವೇ ಇಡೀ ಕಥೆಯ ಬಿಗಿಯಾದ ಗಂಟು ಎನಿಸುತ್ತದೆ. ರಕ್ತದ ಅರ್ಜಿನೈನ್ ಊಟದಿಂದ, ಉಪವಾಸದಿಂದ, ರಕ್ತ ತೆಗೆದ ಹೊತ್ತಿನಿಂದ ಏರಿಳಿಯುತ್ತದೆ. ರಕ್ತ ತೆಗೆದಿಟ್ಟು ಪ್ಲಾಸ್ಮಾ ಬೇರೆ ಮಾಡಲು ತಡವಾದರೂ ಇಳಿಯುತ್ತದೆ, ಏಕೆಂದರೆ ಕೆಂಪು ರಕ್ತಕಣಗಳಲ್ಲೇ ಅರ್ಜಿನೇಸ್ ಇದೆ. ಇಷ್ಟು ದಾರಿಗಳಿರುವಾಗ ವೈರಸ್ಸನ್ನೇ ಕಾರಣ ಮಾಡುವುದಕ್ಕೆ ಇನ್ನೂ ಗಟ್ಟಿ ಪುರಾವೆ ಬೇಕಿತ್ತು.

ಆ ಜರ್ಮನ್ ಮಕ್ಕಳಿಗೆ ನಿಜವಾಗಿ ಏನು ಮಾಡಿದರು?

1969ರಲ್ಲಿ ಕಲೋನ್ ನಗರದ ಮಕ್ಕಳ ವೈದ್ಯ ಎಚ್. ಜಿ. ಟೆರ್ಹೆಗ್ಗನ್ ಮತ್ತು ಸಂಗಡಿಗರು ಅಕ್ಕತಂಗಿಯರಿಬ್ಬರ ಬಗ್ಗೆ ವರದಿ ಬರೆದರು. ರಕ್ತದಲ್ಲಿ ಅರ್ಜಿನೈನ್ ವಿಪರೀತ, ಅರ್ಜಿನೇಸ್ ಇಲ್ಲವೆನ್ನುವಷ್ಟು ಕಡಿಮೆ. ಅರ್ಜಿನಿನೀಮಿಯಾ ಎಂಬ ಕಾಯಿಲೆ ಅರ್ಜಿನೇಸ್ ಕೊರತೆಯಿಂದ ಬರುತ್ತದೆ ಎಂದು ವೈದ್ಯಲೋಕಕ್ಕೆ ಗೊತ್ತಾದದ್ದು ಇವರಿಂದಲೇ. ಇಬ್ಬರ ಬುದ್ಧಿಬೆಳವಣಿಗೆಯೂ ಕುಂಠಿತವಾಗಿತ್ತು. ಆಗ ಮದ್ದು ಏನೂ ಇರಲಿಲ್ಲ.

ಅರ್ಜಿನೇಸ್ ಇಲ್ಲದ ಮಕ್ಕಳು ಒಂದು ಕಡೆ, ಅರ್ಜಿನೇಸ್ ತರುವ ನಿರುಪದ್ರವಿ ವೈರಸ್ ತನ್ನ ಬಳಿ ಇದೆ ಎಂದು ನಂಬಿದ ರೋಜರ್ಸ್ ಇನ್ನೊಂದು ಕಡೆ. 1970ರಲ್ಲಿ ಶುದ್ಧಮಾಡಿದ ಶೋಪ್ ವೈರಸ್ಸನ್ನು ಆ ಮಕ್ಕಳಿಗೆ ಚುಚ್ಚುಮದ್ದಾಗಿ, ಸಣ್ಣ ಪ್ರಮಾಣದಲ್ಲಿ ಕೊಟ್ಟರು. ಮುಂದೆ ಅದೇ ಮನೆಯಲ್ಲಿ ಇದೇ ಕಾಯಿಲೆಯೊಂದಿಗೆ ಹುಟ್ಟಿದ ಇನ್ನೊಂದು ಮಗುವಿಗೂ ಕೊಟ್ಟರು. ಅರ್ಜಿನೈನ್ ಇಳಿಯಲಿಲ್ಲ. ಮಕ್ಕಳು ಚೇತರಿಸಿಕೊಳ್ಳಲಿಲ್ಲ. 1975ರಲ್ಲಿ ಟೆರ್ಹೆಗ್ಗನ್, ರೋಜರ್ಸ್ ಮತ್ತು ಜೊತೆಗಾರರು ಪ್ರಯೋಗ ವಿಫಲವಾಯಿತೆಂದು ತಾವೇ ಬರೆದು ಪ್ರಕಟಿಸಿದರು.

ವೈರಸ್ ಹಳೆಯದಾಗಿ ಕೆಟ್ಟಿತ್ತು, ಅದಕ್ಕೇ ಫಲ ಕೊಡಲಿಲ್ಲ ಎನ್ನುತ್ತಾರಲ್ಲ?

ದಾಸ್ತಾನಿನಲ್ಲಿ ವೈರಸ್ಸಿನ ಶಕ್ತಿ ಕುಂದಿರಬಹುದು ಎಂಬ ಮಾತು ಆಗ ಕೇಳಿಬಂದಿತ್ತು. ಆದರೆ ತಾಜಾ ವೈರಸ್ ಕೊಟ್ಟಿದ್ದರೂ ಫಲ ಒಂದೇ ಆಗುತ್ತಿತ್ತು, ಏಕೆಂದರೆ ಕಿಣ್ವ ವೈರಸ್ಸಿನದ್ದಲ್ಲ.

ಇದನ್ನು ಹೇಗೆ ಪತ್ತೆಹಚ್ಚುವುದು? ನರಹುಲಿಯಿಂದ ತೆಗೆದ ಅರ್ಜಿನೇಸನ್ನೂ ಮೊಲದ್ದೇ ಲಿವರಿನ ಅರ್ಜಿನೇಸನ್ನೂ ಅಕ್ಕಪಕ್ಕ ಇಟ್ಟು ಹೋಲಿಸಬೇಕು. ವೈರಸ್ಸಿನ ಕಿಣ್ವವಾದರೆ ಅದರ ಗುಣಲಕ್ಷಣ ಬೇರೆ ಇರಬೇಕು. ಬೇರೆ ಇದೆ ಎಂದರು ರೋಜರ್ಸ್. ಫ್ರಾನ್ಸಿನಲ್ಲಿ ಜೆರಾರ್ ಓರ್ತ್ ಮತ್ತು ಸಂಗಡಿಗರು ಇದೇ ಹೋಲಿಕೆ ಮಾಡಿ 1967ರಲ್ಲೇ ಬೇರೆ ತೀರ್ಮಾನಕ್ಕೆ ಬಂದಿದ್ದರು: ಅದು ಮೊಲದ ಜೀವಕೋಶದ ಸ್ವಂತ ಕಿಣ್ವ. ಅಂದರೆ ಮಕ್ಕಳಿಗೆ ಚುಚ್ಚುಮದ್ದು ಕೊಡುವ ಮೂರು ವರ್ಷ ಮೊದಲೇ ಈ ಎಚ್ಚರಿಕೆ ಎಲ್ಲರೂ ಓದಬಹುದಾದ ಕಡೆ ಅಚ್ಚಾಗಿತ್ತು. ನನ್ನನ್ನು ಬಹಳ ಕಾಡುವ ಸಂಗತಿ ಇದು.

ಕೊನೆಯ ಉತ್ತರ 1980ರ ದಶಕದ ನಡುವಿನಲ್ಲಿ ಸಿಕ್ಕಿತು. ಶೋಪ್ ವೈರಸ್ಸಿನ ಡಿಎನ್‌ಎಯನ್ನು ಪೂರ್ತಿ ಓದಿದರು. ಸುಮಾರು 7,900 ಅಕ್ಷರಜೋಡಿಗಳ ಉಂಗುರ ಅದು. ಅದರಲ್ಲಿ ಅರ್ಜಿನೇಸ್ ಜೀನ್ ಎಲ್ಲೂ ಇಲ್ಲ. ಹಾಗಾದರೆ ನರಹುಲಿಯಲ್ಲಿ ಕಿಣ್ವ ಏಕೆ ಹೆಚ್ಚಿತು? ಬೇಗ ಬೇಗ ಬೆಳೆಯುವ ಚರ್ಮದ ಜೀವಕೋಶಗಳು ತಮ್ಮದೇ ಅರ್ಜಿನೇಸನ್ನು ಹೆಚ್ಚಿಸಿಕೊಳ್ಳುತ್ತವೆ. ಬೆಳವಣಿಗೆಗೆ ಬೇಕಾದ ಪಾಲಿಅಮೀನ್‌ಗಳು ಆರ್ನಿಥೈನ್‌ನಿಂದಲೇ ತಯಾರಾಗಬೇಕು. ಸೋರಿಯಾಸಿಸ್ ಇರುವವರ ಚರ್ಮದಲ್ಲೂ ಅರ್ಜಿನೇಸ್ ಹೆಚ್ಚಿರುತ್ತದೆ, ಅಲ್ಲಿ ಶೋಪ್ ವೈರಸ್ ಇಲ್ಲ. ಅಕ್ಕತಂಗಿಯರ ಕಾಯಿಲೆಯ ಮೂಲ ಮನುಷ್ಯನ 6ನೇ ಕ್ರೋಮೋಸೋಮಿನ ಮೇಲಿರುವ ಅರ್ಜಿನೇಸ್ ಜೀನಿನಲ್ಲಿ. ಇಲ್ಲದ ಜೀನನ್ನು ಯಾವ ವೈರಸ್ ತಾನೇ ತಂದುಕೊಟ್ಟೀತು?

ಹಾಗಾದರೆ ರೋಜರ್ಸ್ ಮಾಡಿದ್ದು ತಪ್ಪಲ್ಲವೇ?

‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಎನ್ನುವವರ ಸಾಲಿಗೆ ಅವರನ್ನು ಸೇರಿಸಿಬಿಡುವುದು ಸುಲಭ. ನಾನು ಸೇರಿಸುವುದಿಲ್ಲ. ಸೋತದ್ದನ್ನು ಹೇಳುವ ಲೇಖನಕ್ಕೆ ತಮ್ಮ ಹೆಸರು ಹಾಕಿದವರು ಅವರು. ವೈರಸ್ಸನ್ನು ಜೀನ್ ಹೊರುವ ಗಾಡಿಯಾಗಿ ಬಳಸಬಹುದು ಎಂಬ ಯೋಚನೆ ಸರಿಯಾಗಿಯೇ ಇತ್ತು. ಮಕ್ಕಳ ಸ್ಥಿತಿ ದಿನೇ ದಿನೇ ಕೆಡುತ್ತಿತ್ತು, ಕೈಕಟ್ಟಿ ಕೂರುವುದೂ ಒಂದು ನಿರ್ಧಾರವೇ ಆಗಿತ್ತು.

ಆದರೂ ತಪ್ಪು ಇತ್ತು ಎಂದೇ ನನ್ನ ಅಭಿಪ್ರಾಯ. ಸಾಕುಮೊಲಗಳಲ್ಲಿ ಕ್ಯಾನ್ಸರ್‌ಗೆ ತಿರುಗುವ ನರಹುಲಿ ಎಬ್ಬಿಸುವ ವೈರಸ್ ಅದು. ಜೀನ್ ಅದರೊಳಗೆ ಇದೆ ಎಂಬುದು ಸಾಬೀತಾಗಿರಲಿಲ್ಲ. ಅರ್ಜಿನೇಸ್ ಇಲ್ಲದ ರೋಗಿಯ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ವೈರಸ್ ಹಾಕಿ ನೋಡಿದ ಪ್ರಯೋಗ ಪ್ರಕಟವಾದದ್ದು 1973ರಲ್ಲಿ, ಮಕ್ಕಳಿಗೆ ಕೊಟ್ಟಾದ ಮೇಲೆ. ತಟ್ಟೆಯ ಕೆಲಸ ಪೂರ್ತಿ ಮುಗಿದು, ಬೇರೆಯವರೂ ಅದನ್ನು ಮಾಡಿ ನೋಡಿ, ಆಮೇಲೆ ಮಗುವಿನ ಹತ್ತಿರ ಹೋಗಬೇಕಿತ್ತು. ಮನುಷ್ಯರ ಮೇಲಿನ ಪ್ರಯೋಗಗಳ ಬಗ್ಗೆ 1964ರ ಹೆಲ್ಸಿಂಕಿ ಘೋಷಣೆ ಇತ್ತು ನಿಜ, ಜೀನ್ ಚಿಕಿತ್ಸೆಗೆಂದೇ ಕೂತು ಪರಿಶೀಲಿಸುವ ಸಮಿತಿ ಆಗ ಇರಲಿಲ್ಲ. 1972ರಲ್ಲಿ ಥಿಯೊಡೋರ್ ಫ್ರೀಡ್‌ಮನ್ ಮತ್ತು ರಿಚರ್ಡ್ ರೋಬ್ಲಿನ್ ಈ ಪ್ರಯತ್ನವನ್ನೇ ಎದುರಿಗಿಟ್ಟುಕೊಂಡು, ಜೀನ್ ಚಿಕಿತ್ಸೆಗೆ ಭವಿಷ್ಯವಿದೆ, ಆದರೆ ಇಷ್ಟು ಕಡಿಮೆ ತಿಳಿವಳಿಕೆಯಲ್ಲಿ ಮನುಷ್ಯರ ಮೇಲೆ ಬೇಡ ಎಂದು ಬರೆದರು.

ವೈರಸ್ಸಿನದೋ ಅದು ಹೊಕ್ಕ ಪ್ರಾಣಿಯದೋ ಎಂಬ ಗೊಂದಲ ಬೇರೆ ಕಡೆಯೂ ಆಗಿದೆಯೇ?

ಆಗಿದೆ, ಅಲ್ಲಿ ಅದರಿಂದ ಹೊಸ ಬಾಗಿಲೇ ತೆರೆಯಿತು. ರೌಸ್ ಅವರ ಕೋಳಿ ವೈರಸ್ಸಿನಲ್ಲಿ ‘ಸಾರ್ಕ್’ ಎಂಬ ಜೀನ್ ಇದೆ, ಗಡ್ಡೆ ಬರಿಸುವುದು ಅದೇ. ಎಲ್ಲರೂ ಅದನ್ನು ವೈರಸ್ಸಿನ ಸ್ವಂತ ಆಸ್ತಿ ಎಂದುಕೊಂಡಿದ್ದರು. 1976ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಮೈಕಲ್ ಬಿಷಪ್, ಹೆರಾಲ್ಡ್ ವಾರ್ಮಸ್ ಮತ್ತು ಸಂಗಡಿಗರು ಆರೋಗ್ಯವಂತ ಹಕ್ಕಿಗಳ ಡಿಎನ್‌ಎಯಲ್ಲೇ ಅದನ್ನು ಕಂಡರು. ವೈರಸ್ ಯಾವತ್ತೋ ಕೋಳಿಯಿಂದ ಕದ್ದು ಹೊತ್ತುಕೊಂಡ ಜೀನ್ ಅದು. ಅದು ಮಾಡಿಸುವುದೂ ಒಂದು ಕಿಣ್ವವನ್ನೇ, ಬೇರೆ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಸುವ ಕೈನೇಸ್. ನಮ್ಮ ಮೈಯಲ್ಲೂ ಅದರ ಜೀನ್ ಇದೆ. ಕ್ಯಾನ್ಸರ್ ಬೀಜ ಹೊರಗಿನಿಂದ ಬರಲೇಬೇಕಿಲ್ಲ, ನಮ್ಮದೇ ಜೀನ್ ದಾರಿತಪ್ಪಿದರೂ ಸಾಕು ಎಂಬುದು ಇಲ್ಲಿಂದ ಗಟ್ಟಿಯಾಯಿತು. ಇಬ್ಬರಿಗೂ 1989ರಲ್ಲಿ ನೊಬೆಲ್ ಬಂತು.

ಮುಂದೆ ಜೀನ್ ಚಿಕಿತ್ಸೆ ಕೈಗೂಡಿತೇ?

ಕೈಗೂಡಿತು, ನೋವಿಲ್ಲದೆ ಅಲ್ಲ. 1990ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಎಡಿಎ ಎಂಬ ಕಿಣ್ವವಿಲ್ಲದ ನಾಲ್ಕು ವರ್ಷದ ಹುಡುಗಿಗೆ ಅವಳದೇ ರಕ್ತಕಣಗಳಿಗೆ ಆ ಜೀನ್ ಸೇರಿಸಿ ಕೊಟ್ಟರು. ಜೀನ್ ಹೊತ್ತದ್ದು ಇಲಿಗಳಲ್ಲಿ ರಕ್ತಕ್ಯಾನ್ಸರ್ ತರುವ ವೈರಸ್ಸಿನ ಪಳಗಿಸಿದ ರೂಪ. 1999ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ 18 ವರ್ಷದ ಯುವಕ ತೀರಿಕೊಂಡ. ಅವನಿಗಿದ್ದದ್ದೂ ಯೂರಿಯಾ ಚಕ್ರದ್ದೇ ಇನ್ನೊಂದು ಕಿಣ್ವದ ಕೊರತೆ. ಜೀನ್ ಹೊತ್ತು ತಂದ ಅಡೆನೊವೈರಸ್ಸಿನ ವಿರುದ್ಧ ಅವನ ಮೈ ತಿರುಗಿಬಿದ್ದಿತ್ತು. ಪ್ಯಾರಿಸ್ಸಿನಲ್ಲಿ ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟಿದ ಮಕ್ಕಳು ಜೀನ್ ಚಿಕಿತ್ಸೆಯಿಂದ ಗುಣವಾದರು, ಆದರೆ ಅವರಲ್ಲಿ ಕೆಲವರಿಗೆ 2002ರಿಂದೀಚೆಗೆ ರಕ್ತಕ್ಯಾನ್ಸರ್ ಬಂತು. ವೈರಸ್ ಹೋಗಿ ಕೂತ ಜಾಗ ಕ್ಯಾನ್ಸರ್ ಜೀನೊಂದರ ಪಕ್ಕ.

2025ರಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ, ಯೂರಿಯಾ ಚಕ್ರದ ಮೊದಲ ಕಿಣ್ವವಿಲ್ಲದೆ ಹುಟ್ಟಿದ ಹಸುಗೂಸೊಂದಕ್ಕೆ ಅದರ ಜೀನಿನ ತಪ್ಪಕ್ಷರವನ್ನೇ ತಿದ್ದುವ ಔಷಧಿ ತಯಾರಿಸಿ ಕೊಟ್ಟರು. ಆ ಒಂದು ಮಗುವಿಗೆಂದೇ ಮಾಡಿದ ಔಷಧಿ. ಅದನ್ನು ಲಿವರಿಗೆ ಮುಟ್ಟಿಸಿದ್ದು ಕೊಬ್ಬಿನ ಸೂಕ್ಷ್ಮ ಹನಿಗಳು, ವೈರಸ್ ಬೇಕಾಗಲೇ ಇಲ್ಲ.

ಶೋಪ್ ವೈರಸ್‌ನಿಂದ ಮನುಷ್ಯರಿಗೆ ಏನೂ ಉಪಯೋಗವಾಗಲಿಲ್ಲವೇ?

ಬಹಳ ಆಯಿತು, ಬೇರೊಂದು ದಾರಿಯಲ್ಲಿ. ಗರ್ಭಕೊರಳಿನ ಕ್ಯಾನ್ಸರ್‌ಗೆ ಕಾರಣವಾಗುವ ಎಚ್‌ಪಿವಿ ಎಂಬ ವೈರಸ್ ಇದರ ದಾಯಾದಿಯೇ. ಎಚ್‌ಪಿವಿ 16ನ್ನು ಹರಾಲ್ಡ್ ಜುರ್ ಹೌಸೆನ್ ತಂಡ 1983ರಲ್ಲಿ ಕಂಡಿತು, ಅವರಿಗೆ 2008ರಲ್ಲಿ ನೊಬೆಲ್ ಬಂತು. ಡಿಎನ್‌ಎ ಇಲ್ಲದ ಬರೀ ವೈರಸ್ ಕವಚ ಕೊಟ್ಟರೆ ನರಹುಲಿ ತಡೆಯಬಹುದೇ ಎಂದು ಮೊದಮೊದಲು ನೋಡಿದ ಪ್ರಾಣಿಗಳಲ್ಲಿ ಮೊಲವೂ ಒಂದು, ವೈರಸ್ ಇದೇ ಶೋಪ್ ವೈರಸ್. 1995ರಲ್ಲಿ ಅದು ಫಲಿಸಿದ್ದನ್ನು ವರದಿಮಾಡಿದವರಲ್ಲಿ ಜೆರಾರ್ ಓರ್ತ್ ಕೂಡ ಇದ್ದರು. ಕಿಣ್ವ ಮೊಲದ್ದು ಎಂದು 1967ರಲ್ಲಿ ಹೇಳಿದ ಅದೇ ಓರ್ತ್.

ಮನುಷ್ಯರ ಲಸಿಕೆ 2006ರಲ್ಲಿ ಬಂತು. ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನ ಸರ್ವಾವ್ಯಾಕ್‌ಗೆ 2022ರಲ್ಲಿ ಅನುಮತಿ ಸಿಕ್ಕಿತು. 2020ರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ 1.2 ಲಕ್ಷಕ್ಕೂ ಹೆಚ್ಚು ಹೆಂಗಸರಿಗೆ ಈ ಕ್ಯಾನ್ಸರ್ ಬರುತ್ತದೆ, 77 ಸಾವಿರಕ್ಕೂ ಹೆಚ್ಚು ಮಂದಿ ಸಾಯುತ್ತಾರೆ. ಮನೆಯಲ್ಲಿ 9ರಿಂದ 14ರ ಹೆಣ್ಣುಮಕ್ಕಳಿದ್ದರೆ ದಯವಿಟ್ಟು ವೈದ್ಯರನ್ನು ಕೇಳಿ ಹಾಕಿಸಿ.

ಅರ್ಜಿನಿನೀಮಿಯಾ ನಮ್ಮ ಕಡೆಯೂ ಇದೆಯೇ? ಸೋದರಮಾವನನ್ನು ಮದುವೆಯಾದರೆ ಬರುತ್ತದೆಯೇ?

ಕಾಯಿಲೆ ಬಹಳ ಅಪರೂಪದ್ದು, ಆದರೆ ಯಾವ ಊರಿಗೂ ಹೊರತಲ್ಲ. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗ ಮಾತ್ರ ಮಗುವಿಗೆ ಬರುತ್ತದೆ. ಒಂದೇ ಪ್ರತಿ ಕೆಟ್ಟಿದ್ದವರು ಆರೋಗ್ಯವಾಗಿಯೇ ಇರುತ್ತಾರೆ. ಅಂಥವರಿಬ್ಬರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಸೋದರಮಾವ, ಅತ್ತೆಯ ಮಗ ಎಂದರೆ ಒಂದೇ ಅಜ್ಜ-ಅಜ್ಜಿಯಿಂದ ಅದೇ ಕೆಟ್ಟ ಪ್ರತಿ ಎರಡೂ ಕಡೆ ಇಳಿದಿರುವ ಸಾಧ್ಯತೆ ಹೆಚ್ಚು. ಮದುವೆ ಕಾಯಿಲೆಯನ್ನು ಹುಟ್ಟಿಸುವುದಿಲ್ಲ, ಮರೆಯಲ್ಲಿದ್ದದ್ದು ಎದುರುಬದುರಾಗುತ್ತದೆ. ಸೊಸೆಯ ಕಡೆ ಬೆರಳು ತೋರಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕು, ಒಂದು ಪ್ರತಿ ಮಗನದ್ದೂ ಹೌದು.

ಕರ್ನಾಟಕದಲ್ಲಿ ಈ ಕೆಲಸ ಬೇಗನೆ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತವನ್ನು ಅಮೈನೋ ಆಮ್ಲಗಳ ದೋಷಕ್ಕಾಗಿ ಪರೀಕ್ಷಿಸಿ 1988ರಲ್ಲಿ ವರದಿಮಾಡಿದರು.

ಮಗು ತುದಿಗಾಲಲ್ಲಿ ನಡೆಯುತ್ತಿದೆ. ಯಾವ ಪರೀಕ್ಷೆ ಮಾಡಿಸಬೇಕು?

ಪುಟ್ಟ ಮಕ್ಕಳು ಸ್ವಲ್ಪ ದಿನ ತುದಿಗಾಲಲ್ಲಿ ನಡೆಯುವುದು ಸಾಮಾನ್ಯ, ಅದೊಂದಕ್ಕೇ ಗಾಬರಿ ಬೇಡ. ಕಾಲು ದಿನೇ ದಿನೇ ಬಿಗಿಯುತ್ತಿದ್ದರೆ, ಫಿಟ್ಸ್ ಇದ್ದರೆ, ಹಾಲು, ಮೊಟ್ಟೆ, ಬೇಳೆಯನ್ನು ಮಗು ತಾನಾಗಿಯೇ ದೂರ ತಳ್ಳುತ್ತಿದ್ದರೆ ಮಕ್ಕಳ ನರರೋಗ ತಜ್ಞರ ಬಳಿ ಹೋಗಿ. ಹುಟ್ಟುವಾಗ ಯಾವ ತೊಂದರೆಯೂ ಆಗಿರದ ಮಗುವಿಗೆ ‘ಸೆರೆಬ್ರಲ್ ಪಾಲ್ಸಿ’ ಎಂದು ಹೇಳಿದ್ದರೂ ರಕ್ತದ ಅಮೋನಿಯಾ ಮತ್ತು ಅಮೈನೋ ಆಮ್ಲಗಳ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಅಮೋನಿಯಾ ಒಂದೇ ಸಾಲದು, ಈ ಕಾಯಿಲೆಯಲ್ಲಿ ಅದು ಹೆಚ್ಚು ಏರದೆಯೂ ಇರಬಹುದು. ಅರ್ಜಿನೈನ್ ಹೆಚ್ಚಿದ್ದರೆ ಕೆಂಪು ರಕ್ತಕಣಗಳಲ್ಲಿ ಅರ್ಜಿನೇಸ್ ಅಳೆಯುತ್ತಾರೆ, ಜೀನ್ ಪರೀಕ್ಷೆಯಿಂದ ಖಚಿತ ಮಾಡುತ್ತಾರೆ.

ಪ್ರೋಟೀನನ್ನು ಅಳೆದು ಕೊಡುವ ಆಹಾರ, ಅರ್ಜಿನೈನ್ ಇಲ್ಲದ ವಿಶೇಷ ಹಾಲುಪುಡಿ, ಸಾರಜನಕವನ್ನು ಬೇರೆ ದಾರಿಯಲ್ಲಿ ಹೊರಹಾಕುವ ಸೋಡಿಯಂ ಬೆಂಜೊಯೇಟ್‌ನಂಥ ಔಷಧಿ ಇವೆ. ಅರ್ಜಿನೇಸ್ ಕಿಣ್ವವನ್ನೇ ರಕ್ತದಲ್ಲಿ ಹೆಚ್ಚು ಕಾಲ ಉಳಿಯುವಂತೆ ಮಾರ್ಪಡಿಸಿದ ಪೆಗ್‌ಜಿಲಾರ್ಜಿನೇಸ್ ಎಂಬ ಚುಚ್ಚುಮದ್ದಿಗೆ 2023ರಲ್ಲಿ ಯುರೋಪಿಯನ್ ಒಕ್ಕೂಟದಲ್ಲಿ ಅನುಮತಿ ಸಿಕ್ಕಿದೆ. ಲಿವರಿನ ಮ್ಯಾಂಗನೀಸ್ ಬದಲು ಅದರಲ್ಲಿ ಕೋಬಾಲ್ಟ್ ಇರುತ್ತದೆ. ಆ ಅಕ್ಕತಂಗಿಯರಿಗೆ ಬೇಕಾಗಿದ್ದ ಕಿಣ್ವ ಈಗ ಸೀಸೆಯಲ್ಲಿ ಬರುತ್ತದೆ.